ಅಚ್ಚುತಣ್ಣ ಹೊರಗೆ ಹೋಗಬೇಕು ಎಂದಾಗ

ನನ್ನ ಅಣ್ಣ ಅಚ್ಚುತನ ಬಗ್ಗೆ ಪುತ್ತೂರಿನ ಒಂದು ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಬಣ್ಣ ಬಣ್ಣದ ಅಕ್ಷರಗಳಲ್ಲಿ ತೋರಿಸಿದರು. ಅಲ್ಲಿ ಅವನಿಗೆ ಹೆಸರಿರಲಿಲ್ಲ. ಹೆಸರು ಹೇಳಬಾರದೆಂಬುದು ಸಂಶೋಧನೆಯ ನಿಯಮವಂತೆ. ಮರ್ಯಾದೆ ಕಾಪಾಡುವುದಕ್ಕೆ ಎಂದರು. ಅವನ ಮರ್ಯಾದೆ ಎಲ್ಲಿ ಹೋಯಿತೆಂದು ನನಗೆ ಗೊತ್ತಿರುವುದರಿಂದ, ಶಾಲೆಯಲ್ಲಿ ಟೀಚರಾಗಿದ್ದ ಅವನ ತಂಗಿ ನಾನು ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ.

ಅಚ್ಚುತಣ್ಣ ಪೆರಾಬೆಯಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದ. ಸುಳ್ಯದ ಕಡೆಯಿಂದ ಬಂದು ಅಲ್ಲಿ ನೆಲೆಯಾದ ಅರೆಭಾಷೆ ಗೌಡರ ಮನೆ ನಮ್ಮದು. ಬೆಳಕು ಹರಿಯುವ ಮೊದಲೇ ಮಿಂದು, ಬಿಳಿ ಮುಂಡು ಉಟ್ಟು, ಹಾಲು ಅಳೆಯಲು ನಿಲ್ಲುತ್ತಿದ್ದ. ಆ ಮುಂಡಿನ ಮೇಲೆ ಹಾಲಿನ ಹನಿ ಬಿದ್ದದ್ದನ್ನೂ ನಾನು ಕಂಡಿಲ್ಲ. ಒಮ್ಮೆ ಅವನ ಹೆಂಡತಿಯ ಅಣ್ಣನೇ ತಂದ ಹಾಲನ್ನು ಪರೀಕ್ಷಿಸಿ, ಸಾಲಿನಲ್ಲಿ ನಿಂತ ಎಲ್ಲರೆದುರು, "ಭಾವ, ಇದರಲ್ಲಿ ನೀರಿನೊಟ್ಟಿಗೆ ಹಾಲು ಸಹ ಉಂಟಲ್ಲ!" ಎಂದು ಕ್ಯಾನನ್ನು ಹಿಂದಕ್ಕೆ ಕೊಟ್ಟಿದ್ದ. ಭಾವ ಆ ವರ್ಷ ಹಬ್ಬಕ್ಕೆ ಬರಲಿಲ್ಲ. ಅಣ್ಣನಿಗೆ ಅದರ ಬಗ್ಗೆ ಕಿಂಚಿತ್ತೂ ಪಶ್ಚಾತ್ತಾಪವಿರಲಿಲ್ಲ.

ಅವನ ಶುಚಿತ್ವ ಮನೆಯವರ ತಲೆನೋವಾಗಿತ್ತು. ಕಕ್ಕಸು ಎಂಬ ಶಬ್ದ ಅವನ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲವೆನ್ನಿ. ನಾವೆಲ್ಲ "ಹೊರಗೆ ಹೋಗುವುದು" ಎಂದೇ ಬೆಳೆದವರು. ಮೊದಲು ಗುಡ್ಡೆಗೆ ಹೋಗುತ್ತಿದ್ದೆವು. ಅಣ್ಣ ದನದ ಹಟ್ಟಿಯ ಹಿಂದೆ ಕೋಣೆ ಕಟ್ಟಿಸಿದ ಮೇಲೆ ಅಲ್ಲಿಗೆ ಹೋದೆವು. ಜಾಗ ಬದಲಾಯಿತು, ಮಾತು ಬದಲಾಗಲಿಲ್ಲ. ಅತ್ತಿಗೆ ತೀರಿಕೊಂಡ ಮೇಲೆ ಅವನು ಸುಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಗ ಜಯಪ್ರಕಾಶನ ಮನೆಗೆ ಹೋದ. ಅಲ್ಲಿ ಮಲಗುವ ಕೋಣೆಗೆ ಅಂಟಿಕೊಂಡೇ ಎಲ್ಲ ವ್ಯವಸ್ಥೆ ಇತ್ತು. ಅಣ್ಣ ಅದರ ಬಾಗಿಲು ಮುಚ್ಚಿಸಿ, ಅಡುಗೆಮನೆಯ ಹಿಂದೆ ಕೆಲಸದವರಿಗೆಂದು ಇದ್ದದ್ದಕ್ಕೇ ಹೋಗುತ್ತಿದ್ದ. ಮೊಮ್ಮಗಳು ಯಶಸ್ವಿ ಗೇಲಿ ಮಾಡುತ್ತಿದ್ದಳು. "ಅಜ್ಜ ಒಳಗೆ ಹೋಗುದಾದ್ರೂ ಹೊರಗೆ ಹೋಗ್ತೇನೆ ಅಂತಾರೆ!"

"ಒಳಗಿದ್ದದ್ದನ್ನು ಹೊರಗೆ ಹಾಕುದಲ್ವಾ ಮಗಾ? ಮತ್ತೆಂತ ಹೇಳುದು?" ಎನ್ನುತ್ತಿದ್ದ ಅವನು.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ನನಗೂ ನಾಚಿಕೆಯಾಗುತ್ತದೆ. ಆದರೆ ನಾಚಿಕೆಪಟ್ಟುಕೊಂಡೇ ಒಬ್ಬ ಮನುಷ್ಯನನ್ನು ಹಾಳು ಮಾಡಿದ್ದಾಗಿದೆ.

ಕಳೆದ ವರ್ಷ ಚಳಿಗಾಲದಲ್ಲಿ ಅಣ್ಣ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿದ್ದಾಗ ಕೆಲವು ದಿನ ಏನೇನೋ ಮಾತಾಡಿದ. ಸತ್ತ ದನದ ಹೆಸರು ಹಿಡಿದು ಕರೆದ. ವಯಸ್ಸಾದವರಿಗೆ ಆಪರೇಷನ್ ಆದಾಗ ಹೀಗಾಗುವುದುಂಟು, ಸರಿಯಾಗುತ್ತದೆ ಎಂದರು ಡಾಕ್ಟರು. ಸರಿಯೂ ಆಯಿತು. ಆದರೆ ಕಾಗದದ ಮೇಲೆ "ಮರೆವು" ಎಂದು ಒಮ್ಮೆ ಬರೆದದ್ದನ್ನು ಅಳಿಸುವ ಕೆಲಸ ಯಾರೂ ಮಾಡಲಿಲ್ಲ. ಮಗ ಸೊಸೆ ಇಬ್ಬರೂ ಹಗಲಿಡೀ ಅಂಗಡಿಯಲ್ಲಿ. ನಡೆಯುವ ಅಭ್ಯಾಸ ಮಾಡಿಸಬೇಕಾದ್ದರಿಂದ ಪುತ್ತೂರಿನ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದರು. ಜಯಪ್ರಕಾಶನನ್ನು ನಾನು ದೂರುವುದಿಲ್ಲ, ಅವನು ಪ್ರತಿ ಭಾನುವಾರ ಹೋಗುತ್ತಿದ್ದ. ಅಣ್ಣನೂ ಒಪ್ಪಿಯೇ ಹೋದದ್ದು. ಹೊರಡುವಾಗ ಮಗನಿಗೆ ಹೇಳಿದ ಮಾತು ಒಂದೇ. "ನನ್ನ ಕಾಲಲ್ಲಿ ನಾನು ಹೊರಗೆ ಹೋಗಿ ಬರುವ ಹಾಗೆ ಆದ್ರೆ ಸಾಕು. ಬೇರೆಂತ ಬೇಡ."

ಅಲ್ಲಿ ಅವನನ್ನು ನೋಡಿಕೊಳ್ಳುತ್ತಿದ್ದದ್ದು ಸಾಕ್ಷಿ ಎಂಬ ಹುಡುಗಿ, ನೆಲ್ಯಾಡಿಯ ಮಲಯಾಳಿ ಮನೆಯವಳು. ನಗುಮುಖದವಳು, ಕೆಲಸಗಳ್ಳಿಯಲ್ಲ. ಅಣ್ಣ ಅವಳಿಗೆ "ಹೊರಗೆ ಹೋಗ್ಬೇಕು" ಎಂದರೆ, "ಹೊರಗೆ ಬಿಸಿಲುಂಟು ಅಜ್ಜ, ಸಂಜೆಗೆ ಹೋಗುವ" ಎನ್ನುತ್ತಿದ್ದಳು. ಸಂಜೆಯವರೆಗೆ ಯಾರಿಗೆ ತಡೆಯುತ್ತದೆ? ಅವನು ಮತ್ತೆ ಮತ್ತೆ ಕೇಳಿದ. ಕೊನೆಗೆ ತಾನೇ ವಾಕರ್ ಹಿಡಿದು ಎದ್ದು, ಅಂಗಳದ ಕಡೆಯ ಬಾಗಿಲಿಗೆ ನಡೆದ. ಅವನ ಲೆಕ್ಕದಲ್ಲಿ ಅದು ಇರಬೇಕಾದದ್ದು ಅಂಗಳದಾಚೆಗೆ. ಬಾಗಿಲಲ್ಲಿ ತಡೆದು ಕೈಹಿಡಿದು ಕರೆತಂದರು. ದಾರಿಯಲ್ಲಿ ಮುಂಡು ಒದ್ದೆಯಾಯಿತು. ಮರುದಿನದಿಂದ ಡೈಪರ್ ಹಾಕಿದರು. ಕೇಳಿ ತಿಳಿದುಕೊಳ್ಳುವುದಕ್ಕಿಂತ ಡೈಪರ್ ಹಾಕುವುದು ಸುಲಭ ನೋಡಿ.

ಅದೇ ಸಮಯಕ್ಕೆ ಭಾವನಾ ಬಂದಳು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು, ಹಿರಿಯರ ಆರೈಕೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮರೆವಿನ ಕಾಯಿಲೆಯವರು ಪದೇ ಪದೇ ಬಾಗಿಲ ಕಡೆ ಹೋಗುವುದು ಯಾಕೆ, ಅವರನ್ನು ಕಟ್ಟಿಹಾಕದೆ, ಗದರದೆ ಸಮಾಧಾನ ಮಾಡುವುದು ಹೇಗೆ ಎಂಬುದು ಅವಳ ವಿಷಯ. ಕೆಟ್ಟವಳೆಂದು ಹೇಳಿ ಮುಗಿಸುವಂತಿದ್ದರೆ ನನಗೂ ಸುಲಭವಾಗುತ್ತಿತ್ತು. ಅವಳು ಅಣ್ಣನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಗಂಟೆಗಟ್ಟಲೆ ಮಾತಾಡಿಸುತ್ತಿದ್ದಳು. "ಟೀಚರ್, ಪ್ರತಿಯೊಂದು ವರ್ತನೆಯ ಹಿಂದೆ ಒಂದು ಅಗತ್ಯ ಇರ್ತದೆ. ಈಗಿನ ಅಧ್ಯಯನಗಳು ಹೇಳುದೇ ಅದನ್ನು. ಹುಚ್ಚು ಅಂತ ತಳ್ಳಿಹಾಕದೆ ಆ ಅಗತ್ಯವನ್ನು ಹುಡುಕ್ಬೇಕು" ಎಂದು ಆಮೇಲೊಮ್ಮೆ ನನಗೇ ಹೇಳಿದಳು. ಮಾತು ಬಂಗಾರದಂಥದ್ದು.

ಅವಳು ಹುಡುಕಿದಳು ಕೂಡ. ಎಲ್ಲಿಗೆ ಹೋಗ್ಬೇಕು ಅಜ್ಜ ಎಂದು ಕೇಳಿದರೆ ಅಣ್ಣ, ಹೆಣ್ಣುಮಕ್ಕಳೆದುರು ಇನ್ನೆಷ್ಟು ಬಿಡಿಸಿ ಹೇಳುವುದೆಂದು, "ಹೊರಗೆ ಮಾರಾಯ್ತಿ, ಹಟ್ಟಿಯ ಹಿಂದೆ" ಎಂದ. ಭಾವನಾಳಿಗೆ ಕಣ್ಣೀರು ಬಂತಂತೆ. ಇದು ಮನೆಯ ಹಂಬಲ, ಮಣ್ಣಿನ ಸೆಳೆತ, ದನಕರುಗಳ ನೆನಪು ಎಂದು ತೀರ್ಮಾನಿಸಿದಳು. ಅಣ್ಣನ ಮಾತಿನಲ್ಲಿ ಅವಳಿಗೆ ಕವಿತೆ ಸಿಕ್ಕಿತು. ಅವನಿಗೆ ಬೇಕಿದ್ದದ್ದು ಕಕ್ಕಸು.

ಹಂಬಲಕ್ಕೆ ಮದ್ದೂ ಸಿದ್ಧವಿತ್ತು. ಬಾಗಿಲು ಬಾಗಿಲಿನ ಹಾಗೆ ಕಾಣದಿದ್ದರೆ ಇಂಥವರು ಅತ್ತ ಹೋಗುವುದು ಕಡಿಮೆ ಎಂದು ಯಾವುದೋ ದೇಶದಲ್ಲಿ ಕಂಡುಕೊಂಡಿದ್ದಾರಂತೆ. ಹಾಗೆಂದು ಅಂಗಳದ ಬಾಗಿಲಿಗೆ ಒಂದು ದೊಡ್ಡ ಫ್ಲೆಕ್ಸ್ ಅಂಟಿಸಿದರು. ಹಸಿರು ಗುಡ್ಡೆ, ಪೊದೆ, ಒಂದೆರಡು ತೆಂಗಿನ ಮರ. ಅಣ್ಣನಿಗೆ ಊರು ನೆನಪಾಗಿ ಮನಸ್ಸು ತಂಪಾಗಲಿ ಎಂದು. ಅಣ್ಣ ಮರುದಿನ ಬೆಳಿಗ್ಗೆ ವಾಕರ್ ಹಿಡಿದು ಅದರ ಮುಂದೆ ನಿಂತ. ಗುಡ್ಡೆ ಇದೆ, ಪೊದೆ ಇದೆ. ಡೈಪರನ್ನು ಕಿತ್ತೆಸೆದು, ಮುಂಡು ಎತ್ತಿ, ಅಲ್ಲೇ ಮುಗಿಸಿದ.

ಇದನ್ನು ಕೇಳಿ ನೀವು ನಕ್ಕರೆ ನಾನು ಸಿಟ್ಟಾಗುವುದಿಲ್ಲ. ಅಲ್ಲಿ ಎಲ್ಲರೂ ನಕ್ಕರು. ಒಬ್ಬ ಮೊಬೈಲಿನಲ್ಲಿ ಹಿಡಿದುಕೊಂಡನಂತೆ. ನಗು ಮುಗಿದ ಮೇಲೆ "ವರ್ತನೆ ಕೈಮೀರಿದೆ" ಎಂದು ನಿದ್ದೆ ಬರಿಸುವ ಮಾತ್ರೆ ಶುರು ಮಾಡಿದರು. ಡೈಪರ್ ಕೀಳದ ಹಾಗೆ ಕೈಗಳಿಗೆ ಬಟ್ಟೆಯ ಪಟ್ಟಿ ಬಂತು.

ನಾನು ಹೋದದ್ದು ಆಮೇಲೆ. ನನಗೂ ಮಂಡಿನೋವು, ನಾನಿರುವ ರಾಮಕುಂಜದಿಂದ ಪುತ್ತೂರಿಗೆ ಬಸ್ಸಿನಲ್ಲಿ ಬರುವುದೇ ಒಂದು ಸಾಹಸ. ಅಣ್ಣ ಮಂಪರಿನಲ್ಲಿದ್ದ. ನನ್ನ ದನಿ ಕೇಳಿ ಕಣ್ಣು ಬಿಟ್ಟ.

"ಪೂವೀ," ಎಂದು ನನ್ನ ಹೆಸರು ಹಿಡಿದು ಕರೆದ, ನಮ್ಮ ಅರೆಭಾಷೆಯಲ್ಲಿ. "ನಂಗೆ ಹೊರಗೆ ಹೋಕು." ಹೋಗಬೇಕು ಎಂದರ್ಥ.

ನಾನು ಹಿಂದೆ ಮುಂದೆ ನೋಡಲಿಲ್ಲ. ಕೈಪಟ್ಟಿ ಬಿಚ್ಚಿದೆ. "ಅಮ್ಮಾ, ಅವರು ಎಲ್ಲರಿಗೂ ಹಾಗೇ ಹೇಳುದು, ಬಿಚ್ಬೇಡಿ" ಎಂದು ಸಾಕ್ಷಿ ಓಡಿ ಬಂದಳು.

"ಎಲ್ಲರಿಗೂ ಹೇಳಿದ್ದಾನಲ್ಲ, ಒಬ್ಬರಾದ್ರೂ ಕರ್ಕೊಂಡು ಹೋಗಿದ್ದೀರಾ? ಕಕ್ಕಸು ಎಲ್ಲುಂಟು, ತೋರ್ಸು" ಎಂದೆ.

ಸಾಕ್ಷಿಯ ಮುಖ ನೋಡಬೇಕಿತ್ತು. "ನಮ್ಮ ಅಜ್ಜಿ ಕೂಡ ಮಲಯಾಳದಲ್ಲಿ ಹೀಗೇ ಹೇಳ್ತಿದ್ರು ಅಮ್ಮಾ. ನಂಗೆ ಹೊಳೀಲೇ ಇಲ್ಲ" ಎಂದಳು. ಇಬ್ಬರೂ ಸೇರಿ ಅವನನ್ನು ನಡೆಸಿಕೊಂಡು ಹೋದೆವು. ಅಣ್ಣ ಬಾಗಿಲು ಮುಂದೆ ಮಾಡಿಕೊಂಡ. ಹೊರಗೆ ಬಂದ ಮೇಲೆ ಸಾಬೂನು ಹಚ್ಚಿ ಬಹಳ ಹೊತ್ತು ಕೈ ತೊಳೆದ. ಒಗೆದ ಮುಂಡು ಕೇಳಿ ತೆಗೆಸಿಕೊಂಡು, ತಾನೇ ನೆರಿಗೆ ಸರಿಮಾಡಿ, "ಈಗ ಜನ ಆದೆ" ಎಂದ. ಮರೆವಿನವನ ಮಾತೇ ಅದು?

ಅಂದೇ ಭಾವನಾಳನ್ನು ಕಂಡು ಹೇಳಿದೆ. ಅವಳು ಬೆಚ್ಚಿದ್ದು ನಿಜ. "ಇರ್ಬಹುದು ಟೀಚರ್. ಆದ್ರೆ ಒಂದು ಸಲ ಆದದ್ದರಿಂದ ಹಾಗೆಂದು ಹೇಳ್ಲಿಕ್ಕಾಗುದಿಲ್ಲ. ಅಧ್ಯಯನದ ನಡುವೆ ಆರೈಕೆಯ ಕ್ರಮ ಬದಲಿಸಿದ್ರೆ ಎಲ್ಲ ಕೆಡ್ತದೆ. ನನ್ನ ಗೈಡ್ ಒಪ್ಪುದಿಲ್ಲ. ಸ್ವಲ್ಪ ದಿನದಲ್ಲಿ ಮುಗೀತದೆ" ಎಂದಳು.

"ಅಷ್ಟು ದಿನ ನೀನು ತಡ್ಕೊಳ್ತೀಯಾ?" ಎಂದು ಕೇಳಿದೆ.

ಜಯಪ್ರಕಾಶನಿಗೆ ಫೋನು ಮಾಡಿದೆ. "ಅತ್ತೆ, ಅವರು ಅದನ್ನೇ ಓದಿದವರು. ಅಪ್ಪನಿಗೆ ಮರೆವುಂಟು ಅಂತ ಡಾಕ್ಟ್ರೇ ಬರ್ದಿದ್ದಾರೆ. ನೀವು ಸುಮ್ನೆ ತಲೆ ಬಿಸಿ ಮಾಡ್ಬೇಡಿ" ಎಂದ. ಅಜ್ಜ ಒಳಗೆ ಹೋಗುವುದಕ್ಕೂ ಹೊರಗೆ ಎನ್ನುತ್ತಾರೆಂದು ನಗುತ್ತಿದ್ದ ಮಗಳು ಅವನ ಮನೆಯಲ್ಲೇ ಇದ್ದಾಳೆ. ಆದರೂ ನೆನಪಾಗಲಿಲ್ಲ. ಮರೆವಿನ ಕಾಯಿಲೆ ಯಾರಿಗೆಂದು ಆ ದಿನ ನನಗೆ ಗೊಂದಲವಾಯಿತು. ಜಗಳವಾಡಿದೆ, ಅತ್ತುಬಿಟ್ಟೆ. ಕೊನೆಗೆ ನಾನು ಅಣ್ಣನನ್ನು ರಾಮಕುಂಜಕ್ಕೆ ಕರೆದೊಯ್ಯುವುದೆಂದೂ, ಸಂಶೋಧನೆಯೂ ವ್ಯಾಯಾಮವೂ ಮುಗಿದ ಕೂಡಲೇ ಕೇಂದ್ರದವರು ಅವನನ್ನು ಬಿಡುವುದೆಂದೂ ಒಪ್ಪಂದವಾಯಿತು.

ನಾನು ಮನೆಯಲ್ಲಿ ತಯಾರಿ ಮಾಡಿದೆ. ಹಿತ್ತಿಲ ಕಕ್ಕಸಿಗೆ ಹೋಗುವ ದಾರಿಗೆ ಸಿಮೆಂಟು ಹಾಕಿಸಿದೆ, ಗೋಡೆಗೆ ಹಿಡಿಯಲು ಕಂಬಿ ಕೂರಿಸಿದೆ, ಅವನಿಗೆ ಸಮಾಧಾನವಾಗಲೆಂದು ಬಾಗಿಲನ್ನು ಅಂಗಳದ ಕಡೆಗೇ ಉಳಿಸಿದೆ.

ಜೀಪು ಮಾಡಿಕೊಂಡು ಕರೆತರಲು ಹೋದಾಗ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಬೆನ್ನಿನಲ್ಲಿ ಹುಣ್ಣಾಗಿತ್ತು. ಕಾಲು ಕಡ್ಡಿಯಾಗಿತ್ತು. ಸಾಕ್ಷಿ ಕಾಣಲಿಲ್ಲ. ಅಜ್ಜನನ್ನು ಹೇಳದೆ ಕೇಳದೆ ಎಬ್ಬಿಸಿ ನಡೆಸುತ್ತಿದ್ದಳೆಂದು ಅವಳನ್ನು ಬೇರೆ ವಾರ್ಡಿಗೆ ಹಾಕಿದ್ದರಂತೆ. ನಾನು ಹತ್ತಿರ ಕೂತು ಹಣೆ ಮುಟ್ಟಿದೆ.

"ಅಣ್ಣಾ, ಬಾ. ಹೊರಗೆ ಹೋಗಿ ಬರುವ."

ಅವನು ನನ್ನನ್ನೇ ನೋಡಿದ. ಗುರುತು ಹಿಡಿದೇ ನೋಡಿದ.

"ಬೇಡ ಪೂವಿ," ಎಂದ. "ಇಲ್ಲೇ ಆಗ್ತದೆ. ಇಲ್ಲಿ ಎಲ್ಲರೂ ಇಲ್ಲೇ ಮಾಡುದು."

ಸೊಸೈಟಿಯ ಬಾಗಿಲಲ್ಲಿ ಬಿಳಿ ಮುಂಡು ಉಟ್ಟು ನಿಲ್ಲುತ್ತಿದ್ದವನ ಮಾತದು. ಅವನನ್ನು ಮನೆಗೆ ಕರೆತಂದೆ. ಕಂಬಿ ಹಿಡಿಯುವಷ್ಟು ಬಲವೂ ಕೈಯಲ್ಲಿ ಉಳಿದಿರಲಿಲ್ಲ, ಹಿತ್ತಿಲ ದಾರಿಯಲ್ಲಿ ಅವನು ಒಮ್ಮೆಯೂ ನಡೆಯಲಿಲ್ಲ. ಹುಣ್ಣಿಗೆ ಜ್ವರ ಸೇರಿತು. ಮಳೆ ಹಿಡಿಯುವ ಮೊದಲೇ ಹೋದ.

ಆಮೇಲೆ ಆ ಸಭೆ. ಹಿರಿಯರ ಆರೈಕೆಯ ಹೊಸ ಸಂಶೋಧನೆಗಳ ಬಗ್ಗೆ. ಕುಟುಂಬದವರಿಗೆ ಗೌರವವಿದೆ ಎಂದು ಕರೆದಿದ್ದರು. ಜಯಪ್ರಕಾಶನಿಗೆ ಅಂಗಡಿ ಬಿಡಲಾಗಲಿಲ್ಲ, ನಾನು ಹೋದೆ. ಭಾವನಾ ಪರದೆಯ ಮೇಲೆ ಗುಡ್ಡೆಯ ಫ್ಲೆಕ್ಸ್ ತೋರಿಸಿದಳು. ಕೊನೆಯ ಸಾಲು ಇಂದಿಗೂ ಕಣ್ಣಿಗೆ ಕಟ್ಟಿದೆ: "ಅಧ್ಯಯನದ ಅಂತ್ಯಕ್ಕೆ ವ್ಯಕ್ತಿಯು ಹೊರಗೆ ಹೋಗಬೇಕೆಂದು ಕೇಳುವುದನ್ನು ಸಂಪೂರ್ಣವಾಗಿ ನಿಲ್ಲಿಸಿದರು." ಜನ ಚಪ್ಪಾಳೆ ತಟ್ಟಿದರು.

ನನಗೆ ಶಾಲು ಹೊದೆಸಿ, ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. "ಅವನಿಗೆ ಕಕ್ಕಸಿಗೆ ಹೋಗ್ಬೇಕಿತ್ತು. ಅಷ್ಟೇ ಇದ್ದದ್ದು" ಎಂದೆ. ಹಿಂದಿನ ಸಾಲಿನ ಹುಡುಗಿಯರು ಆ ಶಬ್ದ ಕೇಳಿ ಕಿಸಕ್ಕೆಂದರು. ಭಾವನಾ ತಲೆ ಎತ್ತಲಿಲ್ಲ. ನಿರೂಪಕರು ಮೈಕು ತೆಗೆದುಕೊಂಡು, "ಭಾವುಕರಾಗಿದ್ದಾರೆ, ಅಮ್ಮನವರಿಗೆ ಧನ್ಯವಾದಗಳು" ಎಂದರು.

ವೇದಿಕೆ ಇಳಿದಾಗ ನನಗೂ ಅವಸರವಾಗಿತ್ತು. ಸಕ್ಕರೆ ಕಾಯಿಲೆಯವಳು ನಾನು. ಬಾಗಿಲಲ್ಲಿ ಬಿಲ್ಲೆ ಹಾಕಿಕೊಂಡು ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಯ ಬಳಿ ಮೆಲ್ಲನೆ, "ಹೊರಗೆ ಹೋಗ್ಬೇಕಿತ್ತು ಮಗಾ" ಎಂದೆ. ಬಾಯಿಗೆ ಬಂದದ್ದೇ ಅದು. ಇಷ್ಟೆಲ್ಲ ಆದ ಮೇಲೂ ಅದೇ ಬಂತು.

ಒಳ್ಳೆಯ ಹುಡುಗಿ. ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿ, ಅಂಗಳ ದಾಟಿಸಿ, ಗೇಟು ತೆರೆದು ರಸ್ತೆಯಲ್ಲಿ ನಿಲ್ಲಿಸಿದಳು. "ಬಸ್ ಸ್ಟ್ಯಾಂಡ್ ಆಚೆಗೆ ಅಜ್ಜಿ. ಜಾಗ್ರತೆ ಹೋಗಿ" ಎಂದು ಗೇಟು ಹಾಕಿಕೊಂಡಳು.

ನನಗೆ ಇನ್ನೂ ಬುದ್ಧಿ ನೆಟ್ಟಗಿದೆ. ಗೇಟು ಬಡಿದು, ಕರೆದು, ಬಿಡಿಸಿ ಹೇಳಿದೆ. ಆದರೆ ಅಂದಿನಿಂದ ದಿನಾ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ನಾನು ಶಬ್ದವೊಂದನ್ನು ಬಾಯಿಪಾಠ ಮಾಡುತ್ತೇನೆ. ಮಕ್ಕಳಿಗೆ ಮಗ್ಗಿ ಕಲಿಸಿದ ಹಾಗೆ, ಗಟ್ಟಿಯಾಗಿ, ಮತ್ತೆ ಮತ್ತೆ. ನಾಳೆ ದೇವರ ಹೆಸರು ಮರೆತರೂ ಚಿಂತೆಯಿಲ್ಲ, ಅಣ್ಣನ ಹೆಸರೂ ಮರೆತುಹೋಗಲಿ. ಇದೊಂದು ನಾಲಗೆಯಲ್ಲಿ ಉಳಿದರೆ ಸಾಕು. ಟಾಯ್ಲೆಟ್. ಟಾಯ್ಲೆಟ್. ಟಾಯ್ಲೆಟ್.