ಕೆಂಡದ ಬಣ್ಣ ಓದುತ್ತಿದ್ದ ನಾಗೇಶರಾಯರು

ಕೆಂಡ ಕಂಡಲ್ಲಿ ನಾಗೇಶರಾಯರು ನಿಂತುಬಿಡುತ್ತಿದ್ದರು. ನಮ್ಮ ಅಡುಗೆಮನೆಯ ಇದ್ದಿಲ ಒಲೆಯಾಗಲಿ, ಬೀದಿಯ ಇಸ್ತ್ರಿಯವನ ಪೆಟ್ಟಿಗೆಯಾಗಲಿ, ಬಗ್ಗಿ, ಕಣ್ಣು ಕಿರಿದು ಮಾಡಿ, "ಏಳುನೂರು ಡಿಗ್ರಿ" ಎನ್ನುವರು. ಅಮ್ಮ ಬೀಸಣಿಗೆ ಬೀಸಿದರೆ, "ಈಗ ಎಂಟುನೂರು ದಾಟ್ತು. ಸಾಕು ಬಿಡೀಮ್ಮಾ, ಸಾರು ಸೀದುಹೋಗುತ್ತೆ."

"ಅದು ಗೊತ್ತಾಗಕ್ಕೆ ನನಗೆ ಮೂಗಿದೆ ರಾಯರೇ" ಎನ್ನುತ್ತಿದ್ದಳು ಅಮ್ಮ.

ಅವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಉಕ್ಕನ್ನು ಕಾಯಿಸಿ ಹದ ಕೊಡುವ ಕುಲುಮೆಗಳು ಅವರ ಸುಪರ್ದಿನಲ್ಲಿದ್ದವು. ಅಪ್ಪ ಅಲ್ಲಿಯೇ ಕಚೇರಿ ಕೆಲಸದಲ್ಲಿದ್ದರು. ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಪಿಯುಸಿಗೆ ಸೇರಿದಾಗ ಭೌತಶಾಸ್ತ್ರ ಹೇಳಿಕೊಟ್ಟವರು ಅವರು, ಆಮೇಲೆ ಬಿ.ಎಸ್ಸಿ.ಗೆ ಕಳಿಸಿ ಎಂದು ಅಪ್ಪನೊಡನೆ ವಾದ ಮಾಡಿದವರೂ ಅವರೇ. ಊರಿಗೆಲ್ಲ ರಾಯರಾದರೂ ನನಗೆ ಅವರು ಸಾರ್.

ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಆ ನಕ್ಷತ್ರದ ಹೆಣ್ಣು ಸೊಸೆಯಾಗಿ ಬಂದರೆ ಮಾವನಿಗೆ ಉಳಿಗಾಲವಿಲ್ಲ ಎಂದು ನಂಬಿಕೆ. ಆದ್ದರಿಂದ ಮಾವನಿಲ್ಲದ ಮನೆಯನ್ನೇ ಹುಡುಕಬೇಕು. ಯಾರಾದರೂ ಗಂಡಿನ ಸುದ್ದಿ ತಂದರೆ ಅಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ ಓದಿನದಲ್ಲ, ಕೆಲಸದ್ದಲ್ಲ. "ತಂದೆ ಇದ್ದಾರಾ?" ಇಲ್ಲವೆಂದರೆ ಅವಳ ಮುಖ ಅರಳುತ್ತಿತ್ತು. ಮರುಕ್ಷಣವೇ "ಅಯ್ಯೋ ಪಾಪ" ಎಂದು ಮುಖವನ್ನು ಸರಿಮಾಡಿಕೊಳ್ಳುತ್ತಿದ್ದಳು.

ಈ ನಕ್ಷತ್ರವನ್ನು ನನಗೆ ಕಣ್ಣಾರೆ ತೋರಿಸಿದವರು ಸಾರ್. ಶ್ರಾವಣದ ಒಂದು ಸಂಜೆ, ಊಟಕ್ಕೆ ಮುಂಚೆ, ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ. ನನ್ನ ದಿನಚರಿಯಲ್ಲಿ ಆ ದಿನ "ಸಂಜೆ ಮಳೆ" ಎಂದಷ್ಟೇ ಇದೆ. ಮಳೆಯಲ್ಲಿ ನಕ್ಷತ್ರ ಕಂಡದ್ದು ಹೇಗೆ? ಬಹುಶಃ ದಿನ ಬೇರೆ ಇರಬೇಕು, ಅಥವಾ ಎರಡು ಮೂರು ಸಂಜೆಗಳು ನನ್ನೊಳಗೆ ಒಂದಾಗಿರಬೇಕು. ಮಾತುಗಳು ಮಾತ್ರ ಅವರವೇ; ಅಷ್ಟನ್ನು ನಂಬುತ್ತೇನೆ. ಅಬ್ಬಿಗೆರೆ ಕಡೆ ಆಗ ಒಂದು ದೀಪವೂ ಇರಲಿಲ್ಲ. ದಕ್ಷಿಣಕ್ಕೆ ವೃಶ್ಚಿಕ ರಾಶಿ ಚೇಳಿನಂತೆಯೇ ಬಾಲ ಎತ್ತಿಕೊಂಡು ನಿಂತಿತ್ತು.

"ಎದೇಲಿ ಕೆಂಪಗಿದೆಯಲ್ಲ, ಅದು ಜ್ಯೇಷ್ಠಾ. ಕೊಂಡಿಯಲ್ಲಿ ಬೆಳ್ಳಗೆ, ಒಂಚೂರು ನೀಲಿಯಾಗಿ ಇದೆಯಲ್ಲ, ಅದೇ ನಿನ್ನದು. ಯಾವುದಮ್ಮ ಹೆಚ್ಚು ಬಿಸಿ?"

"ಕೆಂಪಗಿರೋದು" ಎಂದೆ.

"ಥೂ! ದಿನಾ ಒಲೆ ಮುಂದೆ ಏನ್ ಹೇಳಿದೀನಿ? ಕೆಂಪು ಮೊದಲ ಮೆಟ್ಟಿಲು ಕಣಮ್ಮ. ಆಮೇಲೆ ಹಳದಿ, ಆಮೇಲೆ ಬಿಳಿ. ನೀಲಿಯನ್ನ ನಾನು ನನ್ನ ಕುಲುಮೇಲಿ ಯಾವತ್ತೂ ನೋಡಲ್ಲ. ಅಷ್ಟು ಕಾಯಿಸಿದ್ರೆ ಉಕ್ಕೂ ಇರಲ್ಲ, ಕುಲುಮೆನೂ ಇರಲ್ಲ. ಆ ಕೆಂಪಂದು ಮೂರು ಸಾವಿರ ಚಿಲ್ಲರೆ ಡಿಗ್ರಿ. ನಿನ್ನದು ಇಪ್ಪತ್ತು ಸಾವಿರಕ್ಕೂ ಮೇಲೆ. ಅವಳ ಬೆಳಕಲ್ಲಿ ಹೆಚ್ಚಿನ ಪಾಲು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ, ನೇರಳೆ ಆಚೆಗೆ ಹೋಗಿಬಿಡುತ್ತೆ. ನಮ್ಮ ಸೂರ್ಯ ಜುಗ್ಗ. ಒಂದೊಂದೇ ಇದ್ದಿಲು ಹಾಕ್ಕೊಂಡು ಉರೀತಾನೆ. ಇವಳು ಧಾರಾಳಿ. ಭಾರಾನೂ ಹೆಚ್ಚು, ಬೆಳಕೂ ಹೆಚ್ಚು, ಆಯಸ್ಸು ಕಡಿಮೆ." ಆಮೇಲೆ ನಕ್ಕರು. "ಅಲ್ಲಿಂದ ಈ ಬೆಳಕು ಹೊರಟಾಗ ನಿನ್ನ ತಾತನ ತಾತಾನೂ ಹುಟ್ಟಿರಲಿಲ್ಲ. ಅದಕ್ಕೇನು ಗೊತ್ತು ಯಶವಂತಪುರದಲ್ಲಿ ಯಾವ ಮಾವ ಇದಾನೆ ಅಂತ?"

ಆವರೆಗೆ ನನ್ನ ನಕ್ಷತ್ರವೆಂದರೆ ಮೈಮೇಲಿನ ಕಲೆಯಂತೆ ಮುಚ್ಚಿಕೊಳ್ಳಬೇಕಾದ ಸಂಗತಿ. ಆ ಸಂಜೆ ತಲೆ ಎತ್ತಿ ನೋಡಿದೆ.

ನನ್ನ ಡಿಗ್ರಿ ಮುಗಿಯುತ್ತ ಬಂದಾಗ ಯಶವಂತಪುರದಿಂದಲೇ ಒಂದು ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ನಕ್ಷತ್ರ ಯಾವುದೆಂದು ಕೇಳಿದರು. ಉತ್ತರ ಕೇಳಿ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು. ಅಲ್ಲೇ ಇದ್ದ ಸಾರ್‌ಗೆ ತಡೆಯಲಾಗಲಿಲ್ಲ.

"ಕೂತ್ಕೊಳ್ರೀ, ಕಾಫಿ ಮುಗಿಸಿ. ಅದು ಎಲ್ಲೋ ಉರೀತಿರೋ ಅನಿಲ ಕಣ್ರೀ. ನಿಮ್ಮ ಹೆಸರೂ ಅದಕ್ಕೆ ಗೊತ್ತಿಲ್ಲ."

"ನಿಮಗೂ ಒಬ್ಬ ಮಗ ಇದಾನಂತಲ್ಲ ಸ್ವಾಮಿ. ನೀವೇ ತಂದ್ಕೊಳ್ಳಿ."

"ತಂದ್ಕೊಳ್ತೀನಿ! ಬರ್ಕೊಡ್ಲಾ?"

ಇದು ನನ್ನ ಕಲ್ಪನೆಯಲ್ಲ. ಅಮ್ಮನಿಗೂ ಪದ ಪದ ನೆನಪಿದೆ. ಆವೇಶದಲ್ಲಿ ಆಡಿದ ಮಾತನ್ನು ನಾನು ಕೊಟ್ಟ ಮಾತೆಂದು ಹಿಡಿದುಕೊಂಡೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಅವರ ಮಗ ಸುಧಾಕರ ಕೂಡ ಅದನ್ನು ಹಾಗೆಯೇ ಹಿಡಿದುಕೊಂಡ. ಬಸ್‌ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತ ನಾವು ಆಗಲೇ ಒಬ್ಬರನ್ನೊಬ್ಬರು ಮೆಚ್ಚಿದ್ದೆವು. ಕೆಲಸ ಸಿಕ್ಕ ತಿಂಗಳು, "ಅಪ್ಪನ್ನ ಕೇಳ್ತೀನಿ. ಅವರೇನು ಬೇಡ ಅಂತಾರಾ?" ಎಂದ. ನಾನೂ ನಕ್ಕೆ.

ಮುಂದಿನ ಭಾನುವಾರ ಸಾರ್ ಬಂದರು. ಅಮ್ಮ ಒಲೆ ಊದುತ್ತಿದ್ದಳು. ಅವರು ಕೆಂಡದ ಕಡೆ ನೋಡಲಿಲ್ಲ. ನನಗೆ ಉತ್ತರ ಗೊತ್ತಾದದ್ದು ಆಗಲೇ.

"ಯಲಹಂಕದಲ್ಲಿ ಒಳ್ಳೇ ಹುಡುಗ ಇದಾನೆ. ಬಿ.ಎಸ್ಸಿ. ಮಾಡಿದಾನೆ. ತಾಯಿ, ಒಬ್ಬ ತಮ್ಮ. ತಂದೆ ಇಲ್ಲ."

ಅಭ್ಯಾಸಬಲದಿಂದ ಅಮ್ಮನ ಮುಖ ಅರಳಿತು. ನನ್ನ ಕಡೆ ತಿರುಗಿದವಳೇ ಬೀಸಣಿಗೆ ಕೆಳಗಿಟ್ಟಳು.

ಮೆಟ್ಟಿಲವರೆಗೆ ಅವರ ಹಿಂದೆ ಹೋದೆ. "ಎಷ್ಟು ಡಿಗ್ರಿ ಸಾರ್ ಮೂಲಾ?"

"ಬೇಡ ಕಣಮ್ಮ."

"ಹೇಳಿ ಸಾರ್."

"ನಮ್ಮನೆಯೋರು ಹೆದರ್ತಾರೆ. ಎರಡು ದಿನದಿಂದ ಊಟ ಬಿಟ್ಟಿದಾರೆ."

"ನೀವು?"

ಅವರು ಬಹಳ ಹೊತ್ತು ಚಪ್ಪಲಿ ಹುಡುಕಿದರು. ಅದು ಕಾಲಬುಡದಲ್ಲೇ ಇತ್ತು. "ನೂರಕ್ಕೆ ತೊಂಬತ್ತೊಂಬತ್ತು ಸುಳ್ಳು ಅಂತ ಗೊತ್ತಮ್ಮ."

"ಉಳಿದ ಒಂದು?"

"ಅದು ನನ್ನ ಜೀವ ಕಣಮ್ಮ" ಎಂದರು. ಸುಳ್ಳಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಯಲಹಂಕದ ಹುಡುಗನನ್ನು ನಾನು ನೋಡಲು ಒಪ್ಪಲಿಲ್ಲ. ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪನಿಗೆ ಎದುರಾಡಲಾರೆ ಎಂದ ಸುಧಾಕರನ ಮೇಲೆ ನನ್ನ ಕೋಪ ಹೆಚ್ಚು ದಿನ ಉಳಿಯಲಿಲ್ಲ. ಅವನು ನನಗೆ ಏನನ್ನೂ ಕಲಿಸಿರಲಿಲ್ಲ.

ಅವನ ಮದುವೆ ಆಯಿತು. ಜಾತಕ ಬಹಳ ಚೆನ್ನಾಗಿ ಕೂಡಿತ್ತಂತೆ. ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ, ಕಾರ್ಖಾನೆಯಿಂದ ಊಟಕ್ಕೆ ಬಂದ ಸಾರ್ ಎದೆನೋವೆಂದು ಮಲಗಿದವರು ಏಳಲಿಲ್ಲ. ಸೊಸೆಯ ನಕ್ಷತ್ರ ಯಾವುದೆಂದು ಯಾರೂ ಕೇಳಲಿಲ್ಲ. "ದೇವರು ದೊಡ್ಡೋನು. ನೀನು ಆ ಮನೇಲಿ ಇದ್ದಿದ್ರೆ..." ಎಂದು ಅಮ್ಮ ಅಲ್ಲಿಗೇ ನಿಲ್ಲಿಸಿದಳು. ನಿಜ, ಆ ಸಾವು ನನ್ನ ತಲೆಗೆ ಬರುತ್ತಿತ್ತು. ಹಾಗಾದರೆ ಸಾರ್ ನನ್ನನ್ನು ಉಳಿಸಿದರೇ? ಈ ಸಮಾಧಾನ ಆಗಾಗ ಬಾಗಿಲು ತಟ್ಟುತ್ತದೆ. ತೆರೆಯುವುದಿಲ್ಲ. ಅವರು ಉಳಿಸಿಕೊಳ್ಳಲು ಹೊರಟಿದ್ದು ನನ್ನನ್ನಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲೆ ಮಾತಾಡಿಸಲು ಹೋದೆ. ಅಡುಗೆಮನೆಯಲ್ಲಿ ಆ ಹುಡುಗಿ ಒಲೆಯ ಮುಂದೆ ಕೂತಿದ್ದಳು. ಅತ್ತು ಕಣ್ಣು ಊದಿತ್ತು, ಒಳ್ಳೆಯ ಹುಡುಗಿ.

"ಅಕ್ಕಾ, ನೀವು ಮಾವನೋರ ಹತ್ರ ಓದಿದೋರಂತೆ. ದಿನಾ ಇಲ್ಲಿ ನಿಂತ್ಕೊಂಡು, ಒಲೆ ನೋಡಿ ಏನೋ ಒಂದು ಸಂಖ್ಯೆ ಹೇಳೋರು. ಏನದು?"

ಕೆಂಡ ಕೆಂಪಗಿತ್ತು, ಅಂಚಿನಲ್ಲಿ ಬೂದಿ ಕಟ್ಟುತ್ತಿತ್ತು. ಏಳುನೂರಕ್ಕಿಂತ ಸ್ವಲ್ಪ ಕಡಿಮೆ.

"ಗೊತ್ತಿಲ್ಲಮ್ಮ" ಎಂದೆ.