ಹಾಡಿನಲ್ಲಿ ಉಳಿದ ಮಾತು

ಆಗ ನನಗೆ ಹದಿನೈದು. ಐವತ್ತು ವರ್ಷದ ಹಿಂದಿನ ಮಾತು. ಅಂಕೋಲೆಯಲ್ಲಿ ಭತ್ತ ಕುಟ್ಟುವಾಗ ಹಾಡು ಎತ್ತುವವಳು ನೆರೆಮನೆಯ ಅಜ್ಜಿಯೇ. ನಾವು ಸುಮ್ಮನಿದ್ದರೆ, "ಬಾಯಿ ಮುಚ್ಚಿ ಕುಟ್ಟಿದ್ರೆ ಅಕ್ಕಿ ನುಚ್ಚಾಗ್ತದ್ರೇ" ಎಂದು ಬೈಯುತ್ತಿದ್ದಳು. ಲಕ್ವ ಹೊಡೆದ ಮೇಲೆ ನೀರು ಕೇಳಲೂ ಮಾತಿಲ್ಲ. "ಬಬ್ಬ" ಎನ್ನುತ್ತ ಎಡಗೈ ಬಡಿಯುತ್ತಿದ್ದಳು. "ಬುದ್ಧಿನೇ ಹೋಯ್ತು, ಎಂತದೂ ತಿಳೂದಿಲ್ಲ ಇವ್ರಿಗೆ" ಎಂದು ಸೊಸೆ ಅವಳೆದುರೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ನಾನೂ ಸೊಸೆಯೂ ಬಾಯಿ ಮುಚ್ಚಿ ಕುಟ್ಟುತ್ತಿದ್ದೆವು. ಚಾಪೆಯ ಮೇಲಿದ್ದ ಅಜ್ಜಿ ಹಾಡು ಎತ್ತಿದಳು. ಒಂದು ಶಬ್ದವೂ ತೊದಲಲಿಲ್ಲ. ನನ್ನ ಕೈಯಿಂದ ಒನಕೆ ಬಿತ್ತು. ಕುಟ್ಟುವುದು ನಿಂತದ್ದೇ ಹಾಡೂ ನಿಂತಿತು.

"ಅತ್ತೇ, ಮಾತಾಡಿ!" ಎಂದು ಸೊಸೆ ಕೂಗಿದಳು.

"ಬಬ್ಬ."

ನಾವು ಬಾಯಿ ಮುಚ್ಚಿ ಕುಟ್ಟಿದ್ದು ಕಂಡೇ ಅವಳು ಹಾಡು ಎತ್ತಿದ್ದಳು; ಹಾಗಾದರೆ ಇಷ್ಟು ದಿನ ನಾವು ಅಂದದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು.

ಮಾರನೇ ಬೆಳಿಗ್ಗೆ ಹೋಗಿ, ಒನಕೆ ಕುಟ್ಟುತ್ತ, ಅದೇ ಧಾಟಿಯಲ್ಲಿ ಹಾಡಿ ಕೇಳಿದೆ: "ಗಂಜಿ ಬೇಕೋ ಅಜ್ಜಿ, ನೀರು ಬೇಕೋ?"