ಎರಡನೇ ಸಲ ಕೇಳದ ಪ್ರಶ್ನೆ

ಕಳೆದ ತಿಂಗಳು ನಾನೊಂದು ಸುಳ್ಳು ಹೇಳಿದೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ, ನನ್ನದೇ ಮನೆಯ ಹೊಸ್ತಿಲಲ್ಲಿ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. ಎರಡೇ ಸೆಕೆಂಡು.

(ಎರಡು ಸೆಕೆಂಡು ಅಂತ ಈಗ ಬರೆಯುತ್ತಿದ್ದೇನೆ. ನಿಜಕ್ಕೂ ಎಷ್ಟಿತ್ತೋ! ಹೇಳಿದವರಿಗೆ ತಮ್ಮ ಸುಳ್ಳು ಯಾವಾಗಲೂ ಚಿಕ್ಕದಾಗಿಯೇ ನೆನಪಿರುತ್ತದೆ.)

ಕೇಳಿದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ರೇಣುಕಮ್ಮ. ಗುಲಾಬಿ ಸೀರೆ, ಹೆಗಲಿಗೆ ಬ್ಯಾಗು, ಕಂಕುಳಲ್ಲಿ ರಿಜಿಸ್ಟರ್. ಶಿಕಾರಿಪುರದ ನಮ್ಮ ಬಡಾವಣೆಯಲ್ಲಿ ಯಾರಿಗೆ ಶುಗರ್, ಯಾರ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲ ಅವರಿಗೆ ಬಾಯಿಪಾಠ.

"ಮನೇಲಿ ಯಾರಿಗಾದ್ರೂ ಜ್ವರ ಐತೇನ್ರೀ ಮೇಡಂ?"

"ಇಲ್ಲ."

"ಸೊರಬದ ಕಡೆಯಿಂದ ಯಾರಾದ್ರೂ ಬಂದಾರೇನ್ರೀ?"

"ಇಲ್ಲ ರೇಣುಕಮ್ಮ, ನಾವಿಬ್ಬರೇ."

ಅವರು ಒಮ್ಮೆ ಕೆಳಗೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಬಾಗಿಲ ಚೌಕಟ್ಟಿನ ಮೇಲೆ ತಾರೀಖು ಬರೆದು, ಪಕ್ಕದಲ್ಲಿ ಒಂದು ರೈಟ್ ಮಾರ್ಕ್ ಹಾಕಿ, ಮುಂದಿನ ಮನೆಗೆ ಹೋದರು.

ಒಳಗಿನ ಕೋಣೆಯಲ್ಲಿ ನನ್ನ ಅಕ್ಕ ಮಲಗಿದ್ದಳು. ಜ್ವರ ನೂರಾ ಎರಡು. ಹಿಂದಿನ ದಿನ ತಾನೇ ಸೊರಬದ ಬಸ್ ಇಳಿದು ಬಂದಿದ್ದಳು.

ಶಾಂತಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾವಿಬ್ಬರೂ ಬೆಳೆದದ್ದು ತಾಳಗುಂದದ ಕಡೆ, ಮೆಕ್ಕೆಜೋಳದ ಬಯಲಿನಲ್ಲಿ. ನಾನು ಎಂ.ಎ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳುತ್ತಾ ಶಿಕಾರಿಪುರದಲ್ಲೇ ಉಳಿದೆ. ಅವಳನ್ನು ಕೊಟ್ಟದ್ದು ಜಡೆಯಿಂದಾಚೆಗೆ, ಕಾಡಂಚಿನ ಒಂದು ಊರಿಗೆ. ಊರ ಹೆಸರು ಬರೆಯುತ್ತಿಲ್ಲ. ಬರೆಯಬೇಡ ಅಂತ ಅವಳ ಆಣೆ.

ಆ ಊರಿನ ಕಾಡಿನಲ್ಲಿ ಎರಡು ಮಂಗ ಸತ್ತು ಬಿದ್ದಿದ್ದವು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ಮಂಗನ ಕಾಯಿಲೆ ಅಂದರೆ ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ, ಕಚ್ಚಿ ಬರುವ ಜ್ವರ. ಬಹಳಷ್ಟು ಜನ ಕೆಲವು ವಾರ ಮಲಗಿ ಎದ್ದು ಬರುತ್ತಾರೆ. ಕೆಲವರು ಏಳುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಅಂಟುವುದಿಲ್ಲ. (ಇದನ್ನು ನಮ್ಮ ಮನೆಯವರು ಫೋನ್ ನೋಡಿ ನನಗೆ ಎರಡು ಸಲ ಓದಿ ಹೇಳಿದರು. ಆಮೇಲೆ ತಮ್ಮ ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಹೋದರು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದರು.)

ಊರಿನಲ್ಲಿ ಮನೆಮನೆ ಸರ್ವೆ ಶುರುವಾಗಿತ್ತು. ಜ್ವರ ಅಂದರೆ ರಕ್ತ ತೆಗೆಯುತ್ತಾರೆ. ಕೊಟ್ಟಿಗೆಗೆ ಹಾಸಲು ಕಾಡಿನಿಂದ ಒಣ ಎಲೆ ಗುಡಿಸಿ ತರುವವಳು ಅಕ್ಕ. ಅವಳಿಗೂ ಜ್ವರ ಬಂತು. ಏನು ಮಾಡಿದಳು? ಒಂದು ಮಾತ್ರೆ ನುಂಗಿ, ತಲೆ ಬಾಚಿ, ಹೂ ಮುಡಿದು, ಬಸ್ ಹತ್ತಿದಳು. ಶಿಕಾರಿಪುರದಲ್ಲಿ ತನ್ನನ್ನು ಕೇಳುವವರು ಯಾರು ಅಂತ ಅವಳ ಲೆಕ್ಕಾಚಾರ.

"ಸೊರಬದಲ್ಲಿ ಬಸ್ ಹತ್ತಿದ ಮೇಲೆ ಪಕ್ಕದೋಳು ಯಾವೂರು ಅಕ್ಕ ಅಂದ್ಲು. ಜಡೆ ಅಂದೆ."

"ಯಾಕೆ?"

"ನಮ್ಮೂರಿನ ಹೆಸರು ಹೇಳಿದ್ರೆ ಎದ್ದು ಹಿಂದಿನ ಸೀಟಿಗೆ ಹೋಗ್ತಾರೆ ಕಣೇ. ನಮ್ಮೂರಿನ ಪಾರ್ವತಿ ಮೊನ್ನೆ ಒಂದು ಮದುವೆಮನೆ ಊಟಕ್ಕೆ ಕೂತಿದ್ಲು. ಆ ಕಡೆ ಒಂದು ಎಲೆ ಖಾಲಿ, ಈ ಕಡೆ ಒಂದು ಎಲೆ ಖಾಲಿ. ಪಾಯಸ ಮಾತ್ರ ಎರಡು ಸಲ ಬಂತಂತೆ!"

ಹೇಳಿ ನಕ್ಕಳು. ನಗುವಾಗ ತಲೆ ಹಿಡಿದುಕೊಂಡಳು.

ನಾನು ಓದಿದವಳಲ್ಲವೇ? ಬುದ್ಧಿ ಹೇಳಲು ಕೂತೆ. ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟಿರಲಿಲ್ಲವಾ ಅಂತ ಕೇಳಿದೆ. ಕೊಟ್ಟಿದ್ದರು. ಬಾಟಲಿ ಅವಳ ಚೀಲದಲ್ಲೇ ಇತ್ತು, ಮುಚ್ಚಳ ಕೂಡ ಒಡೆಯದೆ. ("ನಿನ್ನ ಮಂಡಿನೋವಿಗೆ ಆದೀತೇನೋ ಅಂತ ತಂದೆ" ಅಂದಳು.)

"ಅದನ್ನ ಹಚ್ಕೊಂಡು ಕೊಟ್ಟಿಗೆಗೆ ಹೋದ್ರೆ ಗೌರಿ ಕೆಚ್ಚಲು ಮುಟ್ಟೋಕೆ ಬಿಡಲ್ಲ. ಒದೀತಾಳೆ. ಎಣ್ಣೆ ಕೊಡೋರು ದನ ಕರೆದಿದ್ರೆ ಗೊತ್ತಾಗ್ತಿತ್ತು."

"ರಕ್ತ ಪರೀಕ್ಷೆಗಾದರೂ ಕೊಡಬಹುದಿತ್ತಲ್ಲ?"

ಅದಕ್ಕೆ ಅವಳು ಹೇಳಿದ್ದನ್ನು ಆದಷ್ಟೂ ಹಾಗೇ ಬರೆಯುತ್ತಿದ್ದೇನೆ. (ಆದಷ್ಟೂ. ನನ್ನ ಕಿವಿಯ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ.)

"ಹಿಂದೆ ಸೂಜಿ ಹಾಕ್ತೀವಿ ಅಂದ್ರು, ಹಾಕಿಸ್ಕೊಂಡೆ. ಮತ್ತೆ ಬಾ ಅಂದ್ರು, ಹೋದೆ. ತೋಳು ಊದ್ಕೊಂಡು ಮೂರು ದಿನ ರೊಟ್ಟಿ ತಟ್ಟೋಕೆ ಆಗ್ಲಿಲ್ಲ. ಆಮೇಲೆ ಆ ಸೂಜಿ ಅಷ್ಟು ಕೆಲಸ ಮಾಡಲ್ಲ, ನಿಲ್ಲಿಸಿದೀವಿ ಅಂದ್ರು. ಹಂಗಾದ್ರೆ ಈಗ ಹೇಳ್ತಿರೋದು ಕೆಲಸ ಮಾಡುತ್ತೆ ಅಂತ ನಾನು ಹೆಂಗೆ ತಿಳ್ಕೊಳ್ಲಿ? ಪಕ್ಕದ್ಮನೆ ಸಾವಿತ್ರಿ ಆಂಬುಲೆನ್ಸ್‌ಗೆ ನಡ್ಕೊಂಡು ಹತ್ತಿದ್ಲು ಮಾರಾಯ್ತಿ. ಹತ್ತುವಾಗ ಕೋಳಿ ಗೂಡು ಮುಚ್ಚು ಅಂತ ನಂಗೆ ಹೇಳಿದ್ಲು. ವಾಪಸ್ ತಂದು ಇಳಿಸುವಾಗ ನಾಲ್ಕು ಜನ ಬೇಕಾತು."

ಇದಕ್ಕೆ ಏನು ಉತ್ತರ ಕೊಡುತ್ತೀರಿ? ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಅದೇ ಅದರ ದೊಡ್ಡಸ್ತಿಕೆ ಅಂತ ನಾನು ತರಗತಿಯಲ್ಲಿ ಹೇಳಿದ್ದೇನೆ. ತೋಳು ಊದಿಸಿಕೊಂಡವಳ ಮುಂದೆ ಆ ವಾಕ್ಯ ಬಾಯಿಗೆ ಬರಲಿಲ್ಲ.

"ಯಾರಿಗೂ ಹೇಳಬೇಡ" ಅಂದಳು. ತಲೆಯಾಡಿಸಿದೆ. ಮಾರನೇ ದಿನ ರೇಣುಕಮ್ಮ ಬಂದರು. ಸುಳ್ಳು ಹೇಳಿದೆ.

ಅಕ್ಕನಿಗೆ ಮಾತು ಕೊಟ್ಟಿದ್ದೆ, ಅದಕ್ಕೇ ಅಂತ ಆ ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟೇನಾ? ನಿಜ ಹೇಳಿದ್ದರೆ ನಮ್ಮ ಮನೆ ಮುಂದೆ ಗಾಡಿ ಬರುತ್ತಿತ್ತು. ಎದುರು ಮನೆಯ ಟೆರೇಸಿನಲ್ಲಿ ನಾಲ್ಕು ಫೋನು ಮೇಲೇಳುತ್ತಿದ್ದವು. ಕೊರೊನಾ ಕಾಲದಲ್ಲಿ ನಮ್ಮ ಬೀದಿಗೆ ಅಡ್ಡಡ್ಡ ಬಿದಿರು ಕಟ್ಟಿದ್ದು ನೆನಪಾಯಿತು. ಆ ದಿನಗಳಲ್ಲಿ ಬೀದಿಯವರೆಲ್ಲ ರೇಣುಕಮ್ಮನನ್ನು ಗೇಟಿನಿಂದಾಚೆಗೆ ಅಟ್ಟಿದ್ದು, ನಾನೊಬ್ಬಳು ಅವರಿಗೆ ಕುಡಿಯಲು ನೀರು ಕೊಟ್ಟಿದ್ದು, ಅದನ್ನು ಈ ಅಂಕಣದಲ್ಲೇ ಒಮ್ಮೆ ಬರೆದದ್ದು ಕೂಡ ನೆನಪಾಯಿತು. (ಈ ನೀರಿನ ವಿಷಯಕ್ಕೆ ಮತ್ತೆ ಬರುತ್ತೇನೆ.)

ದಿನಚರಿಯಲ್ಲಿ ಅವತ್ತು ಬರೆದದ್ದು ಇಷ್ಟೇ: 'ಆಶಾದವರು ಬಂದಿದ್ದರು. ಮಾತಾಡಿಸಿ ಕಳಿಸಿದೆ.' ಯಾರೂ ಓದದ ಪುಸ್ತಕದಲ್ಲೂ ನಾನು ಪೂರ್ತಿ ಬರೆಯಲಿಲ್ಲ ನೋಡಿ!

ಮೂರು ದಿನ ಕಳೆಯಿತು. ಜ್ವರ ಇಳಿಯಿತು ಅನ್ನುವಷ್ಟರಲ್ಲಿ ಏರುತ್ತಿತ್ತು. ಒಳಗೆ ಹೋಗುವಾಗ, ಹೊರಗೆ ಬರುವಾಗ ಚೌಕಟ್ಟಿನ ಮೇಲಿನ ಆ ರೈಟ್ ಮಾರ್ಕ್ ಕಣ್ಣಿಗೆ ಬೀಳುತ್ತಿತ್ತು. ಕಾಲೇಜಿನಲ್ಲಿ ನಾನು ಸಾವಿರಾರು ರೈಟ್ ಹಾಕಿದ್ದೇನೆ. ಇಷ್ಟು ಹಸಿ ತಪ್ಪಿಗೆ ಹಾಕಿರಲಿಕ್ಕಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಅಕ್ಕ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದಳು. ಟವೆಲ್ ಕೊಡಲು ಹೋದೆ. ಉಗುಳಿದ ನೀರು ಕೆಂಪಗಿತ್ತು. ನನ್ನನ್ನು ಕಂಡವಳೇ ಚೊಂಬಿನ ನೀರು ಸುರಿದು ತೊಳೆದಳು.

"ಏನದು?"

"ಎಂತ ಇಲ್ಲ ಮಾರಾಯ್ತಿ. ಎಲೆ ಅಡಿಕೆ ಹಾಕಿದ್ದೆ."

ನಮ್ಮ ಮನೆಯಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಅವಳು ಅದನ್ನು ಬಿಟ್ಟು ವರ್ಷಗಳಾಗಿವೆ. ನನಗೆ ಅದು ಗೊತ್ತು. ನನಗೆ ಗೊತ್ತು ಅನ್ನುವುದು ಅವಳಿಗೂ ಗೊತ್ತು. ಆದರೂ ಮುಖ ನೋಡಿಕೊಂಡೇ ಹೇಳಿದಳು. ಬಾಗಿಲಲ್ಲಿ ನಿಂತು ನಾನು ಹೇಳಿದ್ದೂ ಥೇಟ್ ಹೀಗೇ ಇತ್ತಲ್ಲ!

ಈ ಸಲ ಅಕ್ಕನಿಗೆ ಕೊಟ್ಟ ಮಾತು ಅಡ್ಡ ಬರಲಿಲ್ಲ. ರೇಣುಕಮ್ಮನಿಗೆ ಫೋನ್ ಮಾಡಿದೆ. "ನಮ್ಮ ಅಕ್ಕ ಬಂದಿದಾಳೆ. ಸೊರಬದ ಕಡೆಯಿಂದ. ಜ್ವರ ಇದೆ. ಒಸಡಲ್ಲಿ ರಕ್ತ ಬಂತು" ಅಂದೆ. ಯಾವಾಗ ಬಂದಳು ಅಂತ ಅವರು ಕೇಳಲಿಲ್ಲ. "ಗಾಡಿಗೆ ಹೇಳ್ತೀನಿ, ಬಂದೆ" ಅಂದರು. ಅರ್ಧ ಗಂಟೆಯಲ್ಲಿ ಬಂದರು. ಅವರ ಹಿಂದೆಯೇ ಆಂಬುಲೆನ್ಸ್ ಬಂತು. ಎದುರಿನ ಟೆರೇಸಿನಲ್ಲಿ ಎಷ್ಟು ಜನ ಇದ್ದರೋ, ನಾನು ನೋಡಲಿಲ್ಲ.

ಅಕ್ಕ ಮಂಚದ ಪಟ್ಟಿ ಹಿಡಿದು ಕೂತುಬಿಟ್ಟಳು. "ನಾನು ಆ ಗಾಡಿ ಹತ್ತಲ್ಲ. ಇಲ್ಲೇ ಸಾಯ್ತೀನಿ."

ನಾನು ಬೇಡಿಕೊಂಡೆ. ಬೈದೆ. ಹಾಲ್‌ನಿಂದ ನಮ್ಮ ಮನೆಯವರು ಬಾಗಿಲ ಹತ್ತಿರ ನಿಂತು ವೈದ್ಯವಿಜ್ಞಾನ ಹೇಳಿದರು. ಅಕ್ಕ ಜಗ್ಗಲಿಲ್ಲ.

ರೇಣುಕಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತರು. ಯಾಕೆ ಹತ್ತಲ್ಲ ಅಂತ ಕೇಳಿದರು. ಅಕ್ಕ ಸಾವಿತ್ರಿಯ ಕತೆ ಹೇಳಿದಳು, ಕೋಳಿ ಗೂಡಿನ ಸಮೇತ. ರೇಣುಕಮ್ಮ ಅಡ್ಡಮಾತಿಲ್ಲದೆ ಪೂರ್ತಿ ಕೇಳಿದರು.

"ಆಕಿ ಜೊತೆ ಗಾಡ್ಯಾಗೆ ಯಾರು ಹೋಗಿದ್ರು?"

"ಯಾರೂ ಇರಲಿಲ್ಲ. ಗಂಡ ಬೈಕಲ್ಲಿ ಹಿಂದೆ ಹೋದ."

"ನಾನು ಹತ್ತುತೀನಿ ಬರ್ರೀ ಅಕ್ಕ. ನಿಮ್ಮ ಪಕ್ಕದಾಗೇ ಕೂರ್ತೀನಿ. ಗುಣ ಆಗೋದು ಬಿಡೋದು ನನ್ನ ಕೈಯಾಗಿಲ್ಲ. ಒಬ್ಬರೇ ಹೋಗಂಗಿಲ್ಲ, ಅಷ್ಟು ನನ್ನ ಕೈಯಾಗೈತಿ."

ಅಕ್ಕ ಮಂಚದ ಪಟ್ಟಿ ಬಿಟ್ಟಳು. ಗುಣ ಆಗುತ್ತೆ ಅಂತ ನಾವೆಲ್ಲ ಹತ್ತು ಸಲ ಹೇಳಿದ್ದೆವು. ಗೊತ್ತಿಲ್ಲ ಅಂದವರನ್ನು ಅವಳು ನಂಬಿದಳು.

ಶಿಕಾರಿಪುರದ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಅದೇ ದಿನ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಗೂ ರೇಣುಕಮ್ಮ ಬಂದರು. ಎರಡು ದಿನದ ಮೇಲೆ ರಿಪೋರ್ಟ್ ಬಂತು. ಮಂಗನ ಕಾಯಿಲೆಯೇ. "ಮೂರ್ನಾಲ್ಕು ದಿನ ಮೊದಲೇ ಬರಬಹುದಿತ್ತಲ್ಲ?" ಅಂದರು ಡಾಕ್ಟರು, ಬೈಯುವ ದನಿಯಲ್ಲೇನೂ ಅಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ. ನಾನು ಡ್ರಿಪ್ಪಿನ ಹನಿ ನೋಡುತ್ತಾ ನಿಂತೆ.

ಶಿವಮೊಗ್ಗಕ್ಕೆ ಹೋದ ಮೊದಲ ದಿನವೇ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ರೇಣುಕಮ್ಮನಿಗೆ ಹೇಳಿದೆ: "ಅವತ್ತು ನೀವು ಕೇಳಿದಾಗ ಅಕ್ಕ ಒಳಗೇ ಇದ್ದಳು."

"ಗೊತ್ತಿತ್ತು ಮೇಡಂ."

"ಹೇಗೆ?"

"ಬಾಗಿಲಾಗೆ ಚಪ್ಪಲಿ ಇದ್ವಲ್ರೀ. ಕೆಂಪು ಮಣ್ಣು ಮೆತ್ತಿದ್ವು. ನಿಮ್ಮ ಚಪ್ಪಲಿ, ಸಾರ್ ಚಪ್ಪಲಿ ನಂಗೆ ಗೊತ್ತಿಲ್ಲೇನು?"

"ಮತ್ತೆ ಯಾಕೆ ಇನ್ನೊಂದು ಸಲ ಕೇಳಲಿಲ್ಲ?"

ಅವರು ಸೀರೆಯ ಅಂಚು ಸರಿಮಾಡಿಕೊಂಡರು. "ಬೇರೆ ಮನೆಗೋಳಾಗೆ ಎರಡು ಸಲ ಕೇಳ್ತೀವ್ರೀ. ಸುಳ್ಳು ಹೇಳಬ್ಯಾಡ್ರಿ ಅಂತ ಜೋರೂ ಮಾಡ್ತೀವಿ. ನಿಮ್ಮಂಥ ಓದಿದೋರ ಮನ್ಯಾಗೆ ಎರಡನೇ ಸಲ ಕೇಳಿದ್ರೆ ಮೇಲಿನೋರಿಗೆ ಕಂಪ್ಲೇಂಟ್ ಹೋಗತೈತಿ. ಹೋಗಿತ್ತು ಒಂದ್ಸಲ."

ಯಾರು ಮಾಡಿದ್ದು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮಾತು ತಿರುಗಿಸಲು ನೀರಿನ ಬಾಟಲಿ ಚಾಚಿದೆ. ಅವರು ತಮ್ಮ ಬ್ಯಾಗಿನಿಂದ ಒಂದು ಹಳೆಯ ಸ್ಟೀಲ್ ಬಾಟಲಿ ತೆಗೆದರು.

"ನಂದು ಐತ್ರೀ. ಕೊರೊನಾ ವರ್ಷದಿಂದ ಯಾರ ಮನ್ಯಾಗೂ ನೀರು ಕೇಳಲ್ಲ. ಅಭ್ಯಾಸ ಆಗೈತಿ."

ಮನೆಗೆ ಬಂದವಳೇ ಆ ವರ್ಷದ ದಿನಚರಿ ಹುಡುಕಿದೆ. ನಾನು ಕೊಟ್ಟ ನೀರು ಎಲ್ಲೋ ಒಂದು ಪುಟದಲ್ಲಿ ಇರಲೇಬೇಕಲ್ಲ? ಇತ್ತು. ನನ್ನದೇ ಅಕ್ಷರ: 'ಮಧ್ಯಾಹ್ನ ಆಶಾದವರು ಬಂದರು. ಕುಡಿಯಲು ನೀರು ಕೇಳಿದರು. ಲೋಟ ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ಹೆದರಿಕೆಯಾಗಿ, ನೀರು ಬಂದಿಲ್ಲ ಎಂದೆ.'

ಎಷ್ಟು ವರ್ಷದಿಂದ ಆ ನೀರಿನ ಕತೆ ಹೇಳಿಕೊಂಡು ಬಂದಿದ್ದೇನೆ! ಲೋಟ ಯಾವುದು, ಅವರು ಹೇಗೆ ಎತ್ತಿ ಕುಡಿದರು ಅನ್ನುವುದೂ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಈ ಅಂಕಣದಲ್ಲಿ ಅದನ್ನು ಓದಿ ಕೆಲವರು ಒಳ್ಳೆಯ ಮಾತು ಬರೆದಿದ್ದಿರಿ. ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಾನು ನೀರು ಕೊಟ್ಟಿರಲಿಲ್ಲ.

ಜನ ಆರೋಗ್ಯ ಇಲಾಖೆಯವರನ್ನು ನಂಬುವುದಿಲ್ಲ ಅಂತ ನಾವು ಸಭೆಗಳಲ್ಲಿ ಚರ್ಚೆ ಮಾಡುತ್ತೇವೆ. ಅವರು ನಮ್ಮನ್ನು ನಂಬುತ್ತಾರಾ ಅಂತ ಯಾರಾದರೂ ಕೇಳಿದ್ದಾರಾ? ಬಿಸಿಲಲ್ಲಿ ನೂರಾರು ಬಾಗಿಲು ಬಡಿಯುವ ಒಬ್ಬ ಹೆಂಗಸು ನೀರಿನ ಬಾಟಲಿ ಹೊತ್ತುಕೊಂಡೇ ತಿರುಗುತ್ತಾಳೆ ಅಂದರೆ ಏನರ್ಥ?

ಅಕ್ಕ ಮೊನ್ನೆ ಡಿಸ್ಚಾರ್ಜ್ ಆದಳು. ಸದ್ಯ ನಮ್ಮ ಮನೆಯಲ್ಲಿದ್ದಾಳೆ. ಸಣ್ಣಗಾಗಿದ್ದಾಳೆ, ಕೂದಲು ಉದುರುತ್ತಿದೆ, ಗೌರಿ ಎಷ್ಟು ಹಾಲು ಕೊಡುತ್ತಿದ್ದಾಳೆ ಅಂತ ದಿನಾ ಭಾವನಿಗೆ ಫೋನ್ ಮಾಡಿ ವಿಚಾರಣೆ ನಡೆಸುತ್ತಾಳೆ. (ನಮ್ಮ ಮನೆಯವರ ಹಾಸಿಗೆ ಕೋಣೆಗೆ ವಾಪಸ್ ಬಂದಿದೆ. ಗಾಳಿಯ ವಿಷಯ ನಾನು ಎತ್ತಿಲ್ಲ.) ಈ ಜ್ವರ ಕೆಲವರಿಗೆ ಬಿಟ್ಟು ಮತ್ತೆ ಬರುತ್ತದೆ, ಕಣ್ಣಿಟ್ಟಿರಿ ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ.

ನಿನ್ನೆ ರೇಣುಕಮ್ಮ ಮತ್ತೆ ಸರ್ವೆಗೆ ಬಂದರು. ಅದೇ ಬ್ಯಾಗು, ಅದೇ ಸೀಮೆಸುಣ್ಣ.

"ಜ್ವರ ಏನಾರ ಐತೇನ್ರೀ ಮೇಡಂ?"

"ಇಲ್ಲ ರೇಣುಕಮ್ಮ."

ಅವರು ಸೀಮೆಸುಣ್ಣ ಎತ್ತಿದರು. ನಾನು ತಡೆದೆ. "ಇನ್ನೊಂದು ಸಲ ಕೇಳಿ" ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ, ನಗು ತಡೆದುಕೊಂಡು, ಬೇರೆ ಮನೆಗಳಲ್ಲಿ ಕೇಳುವ ಜೋರಿನಲ್ಲೇ ಕೇಳಿದರು: "ಸುಳ್ಳು ಹೇಳಬ್ಯಾಡ್ರಿ, ಜ್ವರ ಐತೋ ಇಲ್ಲೋ?"

ಆಗ ಒಳಗೆ ಹೋಗಿ ಅಕ್ಕನ ಹಣೆ ಮುಟ್ಟಿ ನೋಡಿಕೊಂಡು ಬಂದೆ. ಮೊದಲ ಸಲ 'ಇಲ್ಲ' ಅಂದಾಗ ಮುಟ್ಟಿರಲಿಲ್ಲವಲ್ಲ!